ಕುರಿಗೆ ಲಸಿಕೆ ಬಂತು, ಕುದುರೆಯದು ಯಾವಾಗ?

ಬೆಳಗಾವಿ, ಬಾಗಲಕೋಟೆ ಕಡೆಯ ಸಂಚಾರಿ ಕುರಿಗಾರರ ಮಂದೆಯಲ್ಲಿ ಕುದುರೆಯೂ ಇರುತ್ತದೆ. ಬಲೆ, ಕಂಬಳಿ, ಪಾತ್ರೆ, ನಡೆಯಲಾರದ ಮರಿ ಎಲ್ಲವೂ ಅದರ ಬೆನ್ನ ಮೇಲೆ. ಪಿಪಿಆರ್ ಲಸಿಕೆ ಹಾಕುವವರು ಬಂದಾಗ ಕುರಿಗಳಿಗೆಲ್ಲ ಸೂಜಿ ಬೀಳುತ್ತದೆ. ಪಕ್ಕದಲ್ಲೇ ಕಟ್ಟಿದ ಕುದುರೆ ಆ ದಿನದ ಲೆಕ್ಕದಲ್ಲೇ ಇಲ್ಲ.

ಕೇಳಿದರೆ ಸಿದ್ಧ ಉತ್ತರ: ಪಿಪಿಆರ್ ಕುದುರೆಗೆ ಬರಲ್ಲ, ಕಾಲುಬಾಯಿ ರೋಗವೂ ಬರಲ್ಲ. ನಿಜ. ಧನುರ್ವಾಯು ಬರುತ್ತದಲ್ಲ? ಸಾಕುಪ್ರಾಣಿಗಳಲ್ಲಿ ಅದಕ್ಕೆ ಎಲ್ಲಕ್ಕಿಂತ ಸುಲಭವಾಗಿ ತುತ್ತಾಗುವುದೇ ಕುದುರೆ. ರೋಗಾಣು ಮಣ್ಣಿನಲ್ಲಿದೆ, ಕುದುರೆಯ ಲದ್ದಿಯಲ್ಲೂ ಇದೆ. ಲಾಳದ ಮೊಳೆ ಕೊಂಚ ಒಳಗೆ ಇಳಿದರೆ, ಜಾಲಿ ಮುಳ್ಳು ಗೊರಸಿಗೆ ಚುಚ್ಚಿದರೆ ಸಾಕು. ದವಡೆ ಬಿಗಿಯುತ್ತದೆ. ಕಣ್ಣಿನ ಒಳರೆಪ್ಪೆ ಮುಂದಕ್ಕೆ ಬರುತ್ತದೆ. ನಾಲ್ಕೂ ಕಾಲು ಸೆಟೆದು ಮರದ ಕುದುರೆಯ ಹಾಗೆ ನಿಲ್ಲುತ್ತದೆ. ಅಲ್ಲಿಗೆ ಬಂದ ಮೇಲೆ ಎಷ್ಟು ಖರ್ಚು ಮಾಡಿದರೂ ಉಳಿಯುವುದು ಕಷ್ಟ. ತಡೆಯಲು ಬೇಕಾದದ್ದು ತಿಂಗಳ ಅಂತರದಲ್ಲಿ ಎರಡು ಟಿಟಿ ಡೋಸ್, ಆಮೇಲೆ ವರ್ಷಕ್ಕೊಂದು. ಹಗಲೂ ರಾತ್ರಿ ನಾಯಿಗಳ ನಡುವೆ ಬದುಕುವ ಪ್ರಾಣಿಗೆ ರೇಬೀಸ್ ಲಸಿಕೆಯೂ ಬೇಕು.

'ಕುದುರೆ ಈಗ ಎಲ್ಲಿವೆ ಮಾರಾಯ್ರೆ' ಅನ್ನುವವರೂ ಇದ್ದಾರೆ. 2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ಉಳಿದಿರುವುದು ಸುಮಾರು 3.4 ಲಕ್ಷ, 2012ಕ್ಕಿಂತ ಶೇ 45ರಷ್ಟು ಕಡಿಮೆ. ಸಂಖ್ಯೆ ಕಡಿಮೆ ಅಂದರೆ ಲಸಿಕೆಯ ಖರ್ಚೂ ಕಡಿಮೆ. ಇದು ಕೈಬಿಡಲು ಕಾರಣ ಹೇಗಾಗುತ್ತದೆ?

ರೇಸ್ ಕುದುರೆಗೆ ಧನುರ್ವಾಯು, ಇನ್‌ಫ್ಲುಯೆಂಜಾ ಎರಡಕ್ಕೂ ಲಸಿಕೆ ಬೀಳುತ್ತದೆ. ಹೊರೆ ಹೊರುವ ಕುದುರೆ ಇಲಾಖೆಗೆ ನೆನಪಾಗುವುದು ಗ್ಲ್ಯಾಂಡರ್ಸ್ ಬಂದಾಗ. ಆ ರೋಗಕ್ಕೆ ಲಸಿಕೆಯೇ ಇಲ್ಲ, ಖಚಿತವಾದರೆ ಕುದುರೆಯನ್ನು ಕೊಲ್ಲಬೇಕು. ಕೊಲ್ಲಲು ಹುಡುಕಿಕೊಂಡು ಬರುವ ದಾರಿ ಗೊತ್ತಿದೆ, ಉಳಿಸಲು ಬರುವ ದಾರಿ ಗೊತ್ತಿಲ್ಲ ಎಂದರೆ ನಂಬುವುದು ಹೇಗೆ? ಅಂದಹಾಗೆ, ಹಾವು ಕಚ್ಚಿದ ಕುರಿಗಾರನಿಗೆ ತಾಲೂಕು ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ತಯಾರಾಗುವುದು ಕುದುರೆಯ ರಕ್ತದಿಂದಲೇ.

ದೊಡ್ಡ ಯೋಜನೆಯೇನೂ ಬೇಡ. ಕುರಿ ಲಸಿಕೆಗೆ ಹೊರಡುವ ದಿನ ಅದೇ ಐಸ್ ಬಾಕ್ಸ್‌ನಲ್ಲಿ ಹತ್ತು ಡೋಸ್ ಟಿಟಿ ಇಟ್ಟುಕೊಂಡು ಹೋಗಲಿ. ಎರಡನೇ ಡೋಸ್ ಹೊತ್ತಿಗೆ ಮಂದೆ ಬೇರೆ ತಾಲೂಕಿಗೆ ದಾಟಿರುತ್ತದೆ, ಅದೇ ನಿಜವಾದ ತೊಡಕು. ತಾರೀಖು ಬರೆದ ಒಂದು ಚೀಟಿ ಕುರಿಗಾರರ ಕೈಗೆ ಕೊಡಿ. ಆ ಚೀಟಿ ನೋಡಿ ಯಾವ ತಾಲೂಕಿನ ಪಶು ಆಸ್ಪತ್ರೆಯೇ ಆಗಲಿ ಎರಡನೆಯದನ್ನು ಹಾಕಬೇಕು ಎಂದು ಒಂದು ಸುತ್ತೋಲೆ ಹೊರಡಿಸಿ.