ಆರಿಸಿದವರು ಕೊನೆಯವರೆಗೆ ನಿಲ್ಲಲಿ

"ಬೆಳೆಯುವ ಸಿರಿ ಮೊಳಕೆಯಲ್ಲಿ" ಎಂಬುದು ಹಿರಿಯರ ಮಾತು. ಎಳೆಯ ವಯಸ್ಸಿನಲ್ಲಿಯೇ ಮಕ್ಕಳ ಶಕ್ತಿಯನ್ನು ಗುರುತಿಸಬಹುದೆಂದು ಹೇಳುವಾಗಲೆಲ್ಲ ನಾವು ಈ ಗಾದೆಯನ್ನು ನೆನೆಯುತ್ತೇವೆ. ಗಾದೆ ಸುಳ್ಳಲ್ಲ, ಆದರೆ ಅದು ಅರ್ಧ ಮಾತು. ಉಳಿದ ಅರ್ಧವನ್ನು ನಮ್ಮ ಸೀಮೆಯ ಕಡಲೆಕಾಯಿ ಬೆಳೆಗಾರ ಬಲ್ಲ. ಮೊಳಕೆ ಸಾಲು ಹಿಡಿದು ಬಂದ ಹೊಲವೂ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಬರೀ ಹೊಟ್ಟಾಗುತ್ತದೆ. ಮೊಳಕೆಯನ್ನು ಮೆಚ್ಚುವವರು ಹಲವರು; ಕಾಯಿ ಕಟ್ಟುವವರೆಗೆ ಹೊಲದಲ್ಲಿ ನಿಲ್ಲುವವರು ಕೆಲವರು.

ಆಟೋಟಗಳಲ್ಲಿ ಮುಂದಿರುವ ಮಕ್ಕಳನ್ನು ಕಾಲೇಜುಗಳೂ ಕ್ರೀಡಾ ಸಂಸ್ಥೆಗಳೂ ಆರಿಸಿಕೊಂಡು ಹೋಗುವ ಪದ್ಧತಿಯನ್ನು ಕುರಿತು ಯೋಚಿಸುವಾಗ ಈ ಮಾತು ಮುಖ್ಯವಾಗುತ್ತದೆ. ರಾಯದುರ್ಗ, ಮಡಕಶಿರ ಭಾಗದ ಕನ್ನಡ ಶಾಲೆಗಳ ಅಧ್ಯಾಪಕರಾದ ನಾವು ಈ ಆಯ್ಕೆಗಳನ್ನು ಆಸಕ್ತಿಯಿಂದ ಗಮನಿಸುತ್ತ ಬಂದಿದ್ದೇವೆ. ಒಂದು ಮಗುವಿನ ಹೆಸರು ಆಯ್ಕೆಯ ಪಟ್ಟಿಯಲ್ಲಿ ಬಂದಿತೆಂದರೆ ಅಂದು ಶಾಲೆಗೆ ಹಬ್ಬ. ಪ್ರಾರ್ಥನೆಯ ವೇಳೆಯಲ್ಲಿ ಚಪ್ಪಾಳೆ, ಮನೆಯವರ ಮುಖದಲ್ಲಿ ಹೆಮ್ಮೆ. ಆದರೆ ಮೂರು ವರ್ಷಗಳ ಬಳಿಕ ಆ ಮಗು ಎಲ್ಲಿದೆ, ಏನು ಓದುತ್ತಿದೆ ಎಂದು ಕೇಳುವವರು ಕಡಿಮೆ. ಆರಿಸಿಕೊಂಡ ಸಂಸ್ಥೆ ಮಗುವಿನ ಓದು ಮುಗಿಯುವವರೆಗೆ ಹೊಣೆ ಹೊರಬೇಕು, ಆ ಹೊಣೆ ಬಾಯಿಮಾತಿನಲ್ಲಿ ಅಲ್ಲದೆ ಬರವಣಿಗೆಯಲ್ಲಿ ಇರಬೇಕು ಎಂಬುದು ನಮ್ಮ ಅಭಿಪ್ರಾಯ.

ಮೊದಲು, ಕಾಲೇಜುಗಳಿಗೆ ಆಟಗಾರರು ಏಕೆ ಬೇಕೆಂಬುದನ್ನು ನೋಡೋಣ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ಗೆದ್ದ ಪದಕಗಳು ಸಂಸ್ಥೆಯ ಕೀರ್ತಿಯನ್ನು ಹೆಚ್ಚಿಸುತ್ತವೆ. ಕ್ರೀಡೆಯಲ್ಲಿ ಶ್ರೇಷ್ಠವೆನಿಸಿದ ವಿಶ್ವವಿದ್ಯಾಲಯಕ್ಕೆ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿಯನ್ನು ಕೊಡುವ ಪದ್ಧತಿ 1956-57ರಿಂದ ಇದೆ. 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ 2022ರಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಇಂಥ ಕೂಟಗಳು ಬಂದ ಮೇಲೆ ಪೈಪೋಟಿ ಇನ್ನೂ ಬಲವಾಯಿತು. ಪೈಪೋಟಿಯಿಂದ ಮಕ್ಕಳಿಗೆ ಲಾಭವೂ ಉಂಟು. ಮೂಡಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ವಿದ್ಯೆಗಳನ್ನು ಕೊಟ್ಟು ಬೆಳೆಸುತ್ತಿರುವುದನ್ನು ಕರ್ನಾಟಕದವರೆಲ್ಲ ಬಲ್ಲರು. ದುಡಿಯುವವರ ಮನೆಯ ಮಗುವಿಗೆ ಪದವಿಯ ಬಾಗಿಲು ಕಾಲಿನ ಬಲದಿಂದ ತೆರೆಯುವುದಾದರೆ ಅದನ್ನು ಬೇಡವೆನ್ನುವ ಅಧ್ಯಾಪಕ ಯಾರಿದ್ದಾನೆ?

ನಮ್ಮ ಜಿಲ್ಲೆಯೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ವಿಸೆಂಟ್ ಫೆರರ್ ಅವರು 1969ರಲ್ಲಿ ಸ್ಥಾಪಿಸಿದ ಗ್ರಾಮೀಣಾಭಿವೃದ್ಧಿ ಟ್ರಸ್ಟು ಅನಂತಪುರದಲ್ಲಿ ಕಟ್ಟಿದ ಕ್ರೀಡಾಗ್ರಾಮದಲ್ಲಿ ಹಾಕಿ, ಫುಟ್‌ಬಾಲ್, ಕ್ರಿಕೆಟ್, ಜೂಡೋಗಳನ್ನು ಕಲಿಸುತ್ತಾರೆ. ಟೆನಿಸ್ ಆಟಗಾರ ರಾಫೆಲ್ ನಡಾಲ್ ಅವರ ಹೆಸರಿನ ಶಾಲೆ 2010ರಲ್ಲಿ ಅಲ್ಲಿಯೇ ತೆರೆಯಿತು. ಅನಂತಪುರ ಜಿಲ್ಲೆಯ ಹಳ್ಳಿಯ ಹುಡುಗಿ ಬಾರೆಡ್ಡಿ ಅನೂಷಾ 2023ರ ಜುಲೈನಲ್ಲಿ ಬಾಂಗ್ಲಾದೇಶದ ಎದುರು ಭಾರತದ ಮಹಿಳಾ ಕ್ರಿಕೆಟ್ ತಂಡದಲ್ಲಿ ಆಡಿದಳು.

ಮಡಕಶಿರ ಭಾಗದವರಿಗೆ ಇನ್ನೂ ಹತ್ತಿರದ ಹೆಮ್ಮೆಯೊಂದಿದೆ. 2025ರ ನವೆಂಬರ್ 23ರಂದು ಕೊಲಂಬೋದಲ್ಲಿ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ಪನ್ನು ಭಾರತ ನೇಪಾಳವನ್ನು ಸೋಲಿಸಿ ಗೆದ್ದಿತು. ಆ ತಂಡದ ನಾಯಕಿ ಟಿ.ಸಿ. ದೀಪಿಕಾ ಅವರ ಊರು ಅಮರಾಪುರಂ ಮಂಡಲದ ತಂಬಲಹಟ್ಟಿ. ನೊಳಂಬರು ಆಳಿದ ಹೇಮಾವತಿ ಅದರ ನೆರೆಯ ಊರು. ಆಂಧ್ರದ ಹಳ್ಳಿಯ ಈ ಹೆಣ್ಣುಮಗಳು ಕರ್ನಾಟಕದ ಆಟಗಾರ್ತಿಯಾಗಿ ತಂಡ ಸೇರಿದರು. ಗೆದ್ದು ಬಂದ ಬಳಿಕ ತಮ್ಮ ಊರಿಗೆ ರಸ್ತೆ ಬೇಕೆಂದು ಆಂಧ್ರದ ಉಪ ಮುಖ್ಯಮಂತ್ರಿಗಳಲ್ಲಿ ಕೇಳಿದರು, ರಸ್ತೆ ಮಂಜೂರಾಯಿತು. ತಮಗಾಗಿ ಕೇಳಬಹುದಾದ ಹೊತ್ತಿನಲ್ಲಿ ಊರಿಗಾಗಿ ಕೇಳಿದ ಈ ನಡತೆಯನ್ನು ನಮ್ಮ ವಿದ್ಯಾರ್ಥಿಗಳು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಇವು ಗೆದ್ದವರ ಕಥೆಗಳು. ಗೆಲುವಿನ ಕಥೆ ಪತ್ರಿಕೆಯಲ್ಲಿ ಬರುತ್ತದೆ. ಆಯ್ಕೆಯಾಗಿ ಹೋಗಿ, ನಡುವೆ ಬಿಟ್ಟು ಬಂದವರ ಕಥೆ ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ. ಆಯ್ಕೆಯ ಪದ್ಧತಿಯನ್ನು ಅಳೆಯಬೇಕಾದದ್ದು ಈ ಎರಡನೆಯವರಿಂದ.

ಎಳೆಯ ಆಟಗಾರರನ್ನು ಕಾಲೇಜುಗಳು ಆರಿಸುವ ಕೆಲಸ ಅಮೆರಿಕದಲ್ಲಿ ನಡೆಯುವಷ್ಟು ವ್ಯವಸ್ಥಿತವಾಗಿ ಬೇರೆಲ್ಲಿಯೂ ನಡೆಯದೆಂದು ಕಾಣುತ್ತದೆ. ಅಲ್ಲಿನ ಅನುಭವದಿಂದ ನಾವು ಕಲಿಯಬಹುದಾದದ್ದಿದೆ. ಅಲ್ಲಿ ಐಸ್ ಹಾಕಿ ಎಂಬ ಆಟವಿದೆ. ಕಾಲಿಗೆ ಉಕ್ಕಿನ ಅಲಗಿನ ಬೂಟು ತೊಟ್ಟು, ಮಂಜುಗಡ್ಡೆಯ ಮೇಲೆ ಜಾರುತ್ತ, ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆಯುವ ಆಟ. ಶಾಲೆ ಮುಗಿಸಿದ ಹುಡುಗ ಸಾಮಾನ್ಯವಾಗಿ ನೇರವಾಗಿ ಕಾಲೇಜು ತಂಡಕ್ಕೆ ಬರುವುದಿಲ್ಲ. ಒಂದೆರಡು ವರ್ಷ ಜೂನಿಯರ್ ಲೀಗಿನಲ್ಲಿ ಆಡಿ ಹದವಾಗಿ ಬರುತ್ತಾನೆ. ಯಾವ ಕಾಲೇಜು ಯಾವ ಜೂನಿಯರ್ ಆಟಗಾರನಿಗೆ ಮಾತು ಕೊಟ್ಟಿದೆ ಎಂಬ ಪಟ್ಟಿಯನ್ನು ಅಲ್ಲಿನ ಅಭಿಮಾನಿಗಳು ವರ್ಷಗಳ ಮೊದಲೇ ಬರೆದಿಟ್ಟುಕೊಂಡು ಹಿಂಬಾಲಿಸುತ್ತಾರೆ. ನಮ್ಮಲ್ಲಿ ಜಾತಕ ನೋಡುವಂತೆ ಅವರು ಹುಡುಗರ ಗೋಲುಗಳನ್ನು ಎಣಿಸುತ್ತಾರೆ.

ಈ ಪೈಪೋಟಿ ಬೆಳೆದು, ಹದಿನಾಲ್ಕು ವರ್ಷದ ಹುಡುಗರಿಗೂ ಕಾಲೇಜಿನ ಸೀಟಿನ ಮಾತು ಕೊಡುವ ಮಟ್ಟಕ್ಕೆ ಹೋಯಿತು. ಮೀಸೆ ಮೂಡದ ಹುಡುಗನ ಬಾಯಿಂದ ನಾಲ್ಕಾರು ವರ್ಷಗಳ ಮುಂದಿನ ಒಪ್ಪಿಗೆಯನ್ನು ಪಡೆಯುವುದು ಸರಿಯಲ್ಲವೆಂದು ಅಲ್ಲಿನ ಎನ್.ಸಿ.ಎ.ಎ. ಎಂಬ ಕಾಲೇಜು ಕ್ರೀಡಾಸಂಘ 2019ರಲ್ಲಿ ನಿಯಮ ಮಾಡಿತು. ಹುಡುಗ ಹತ್ತನೆಯ ತರಗತಿಯಲ್ಲಿರುವಾಗ ಬರುವ ಜನವರಿ 1ಕ್ಕೆ ಮೊದಲು ಕಾಲೇಜಿನ ತರಬೇತುದಾರ ಅವನೊಡನೆ ಆಯ್ಕೆಯ ಮಾತನ್ನೇ ಆಡಬಾರದು. ಹನ್ನೊಂದನೆಯ ತರಗತಿಗೆ ಮುಂಚಿನ ಆಗಸ್ಟ್ 1ರವರೆಗೆ ಸೀಟಿನ ಮಾತು ಕೊಡಬಾರದು. ಹಣವೂ ಕೀರ್ತಿಯೂ ತುಂಬಿದ ದೇಶದಲ್ಲಿಯೇ ಮಕ್ಕಳ ವಯಸ್ಸಿಗೆ ಇಂಥ ಬೇಲಿ ಬೇಕಾಯಿತು ಎಂಬುದನ್ನು ಗಮನಿಸಬೇಕು.

ಇನ್ನೊಂದು ಪಾಠವೂ ಅಲ್ಲಿಂದಲೇ ಬಂದಿದೆ. ಕೆನಡಾದ ಮೇಜರ್ ಜೂನಿಯರ್ ಲೀಗುಗಳಲ್ಲಿ ಆಡಿದವರನ್ನು ವೃತ್ತಿಪರರೆಂದು ಎಣಿಸಿ ಅಮೆರಿಕದ ಕಾಲೇಜು ತಂಡಗಳು ಬಹುಕಾಲ ದೂರವಿಟ್ಟಿದ್ದವು. 2024ರ ನವೆಂಬರಿನಲ್ಲಿ ಈ ನಿಯಮವನ್ನು ಬದಲಿಸಿ, 2025ರ ಆಗಸ್ಟ್ 1ರಿಂದ ಅವರಿಗೂ ಬಾಗಿಲು ತೆರೆದರು. ಬಾಗಿಲು ತೆರೆದದ್ದು ನ್ಯಾಯವೇ. ಆದರೆ ತಂಡದಲ್ಲಿರುವ ಸ್ಥಾನಗಳು ಎಷ್ಟಿದ್ದಾವು? ಹೊಸಬರು ಬಂದಷ್ಟೂ ಮೊದಲೇ ಮಾತು ಪಡೆದ ಹುಡುಗರು ಕಾಯಬೇಕಾಗುತ್ತದೆ, ಇಲ್ಲವೆ ಬೇರೆ ಕಾಲೇಜನ್ನು ಹುಡುಕಬೇಕಾಗುತ್ತದೆ. ಬಾಯಿಮಾತಿನ ಭರವಸೆ ಎರಡೂ ಕಡೆಯವರನ್ನು ಕಟ್ಟುವುದಿಲ್ಲ. ಆದರೆ ಸಡಿಲವಾದಾಗ ಬೀಳುವವನು ಎಳೆಯನೇ.

ಈ ಎರಡು ಪಾಠಗಳನ್ನು ನಮ್ಮ ನೆಲಕ್ಕೆ ತಂದು ನೋಡೋಣ. ನಮ್ಮ ಮಕ್ಕಳ ಸ್ಥಿತಿ ಇನ್ನಷ್ಟು ಸೂಕ್ಷ್ಮವಾದದ್ದು. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ಆಂಧ್ರಕ್ಕೆ ಸೇರಿತು. ಮಡಕಶಿರ ಮೊದಲಿನಿಂದಲೂ ಅನಂತಪುರದಲ್ಲಿದ್ದು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆಗಳು ಬದಲಾದವು, ಮನೆಮಾತು ಬದಲಾಗಲಿಲ್ಲ. ಕನ್ನಡದಲ್ಲಿ ಓದಿದ ನಮ್ಮ ಹುಡುಗ ಪೂರ್ವದ ಕಡೆಯ ಕ್ರೀಡಾನಿಲಯಕ್ಕೆ ಹೋದರೆ ಅಲ್ಲಿ ಪಾಠ ತೆಲುಗು, ಇಲ್ಲವೆ ಇಂಗ್ಲಿಷ್. ದಕ್ಷಿಣಕ್ಕೆ, ಬೆಂಗಳೂರು ತುಮಕೂರುಗಳಿಗೆ ಹೋದರೆ ಭಾಷೆಯೇನೋ ನಮ್ಮದೇ, ಆದರೆ ಕಾಗದಪತ್ರದಲ್ಲಿ ಅವನು ಬೇರೆ ರಾಜ್ಯದವನು. ಒಂದು ಕಡೆ ಬಾಯಿ ಕಟ್ಟುತ್ತದೆ, ಇನ್ನೊಂದು ಕಡೆ ಕಾಗದ ತಡೆಯುತ್ತದೆ.

ಆದ್ದರಿಂದ ಯಾವುದೇ ಸಂಸ್ಥೆ ನಮ್ಮ ಮಗುವನ್ನು ಆರಿಸಿದಾಗ ಪಾಲಕರು ನಾಲ್ಕು ಮಾತುಗಳನ್ನು ಕೇಳಲೇಬೇಕು.

ಮೊದಲನೆಯದು, ವಯಸ್ಸು ಮತ್ತು ತರಗತಿ. ಒಂಬತ್ತನೆಯ, ಹತ್ತನೆಯ ತರಗತಿಗಳ ನಡುವೆ ಮಗುವನ್ನು ಕೀಳಬಾರದು. ಹತ್ತನೆಯ ತರಗತಿಯ ಪ್ರಮಾಣಪತ್ರ ಕೈಯಲ್ಲಿರುವ ಮಗು ಆಟ ತಪ್ಪಿದರೂ ಬದುಕಿನ ದಾರಿಯನ್ನು ಕಂಡುಕೊಳ್ಳುತ್ತದೆ. ಕಿರಿಯ ವಯಸ್ಸಿನಲ್ಲಿಯೇ ತರಬೇತಿ ಬೇಕಾದ ಆಟಗಳೂ ಇವೆ ಎಂಬುದು ನಿಜ. ಅಂಥಲ್ಲಿ ಐದು ಅಥವಾ ಎಂಟನೆಯ ತರಗತಿಯ ಆರಂಭದಲ್ಲಿಯೇ ಕಳುಹಿಸಲಿ. ನಡುನೀರಿನಲ್ಲಿ ದೋಣಿ ಬದಲಿಸುವುದು ಬೇಡ.

ಎರಡನೆಯದು, ಪೆಟ್ಟು. ಮೊಣಕಾಲಿಗೆ ಒಮ್ಮೆ ಬಲವಾದ ಪೆಟ್ಟಾದರೆ ಆಟ ನಿಲ್ಲಬಹುದು. ಆಗ ವಸತಿ, ಶುಲ್ಕದ ರಿಯಾಯಿತಿ ಉಳಿಯುತ್ತವೆಯೇ? ಚಿಕಿತ್ಸೆಯ ಖರ್ಚು ಯಾರದು? ಆಡುವವರೆಗೆ ಮಾತ್ರ ಓದಿಸುತ್ತೇವೆ ಎನ್ನುವ ಸಂಸ್ಥೆ ವಿದ್ಯೆಯನ್ನು ಕೊಡುತ್ತಿಲ್ಲ, ಕೂಲಿಯನ್ನು ಕೊಡುತ್ತಿದೆ. ಪದವಿ ಮುಗಿಯುವವರೆಗೆ ಸೌಲಭ್ಯ ನಿಲ್ಲದೆಂಬ ಮಾತು ಸಂಸ್ಥೆಯ ಮೊಹರಿನ ಕಾಗದದ ಮೇಲೆ ಬರಲಿ.

ಮೂರನೆಯದು, ಭಾಷೆ. ಮೈದಾನದಲ್ಲಿ ಚಿರತೆಯಂತೆ ಓಡುವ ಮಗು ತರಗತಿಯಲ್ಲಿ ಮೂಕನಾಗಿ ಕುಳಿತರೆ ಅದರ ಆತ್ಮವಿಶ್ವಾಸ ಆಟಕ್ಕೂ ಉಳಿಯದು. ಮೊದಲ ವರ್ಷ ಸಂಜೆಯ ಹೊತ್ತು ಒಂದು ಗಂಟೆ ಪಾಠವನ್ನು ತಿಳಿಯುವ ಭಾಷೆಯಲ್ಲಿ ಹೇಳಿಕೊಡುವವರೊಬ್ಬರು ಇದ್ದರೆ ಸಾಕು. ಬೂಟಿಗೂ ಮೊಟ್ಟೆಗೂ ಹಣ ತೆಗೆದಿಡುವವರು ಇದಕ್ಕೂ ತೆಗೆದಿಡಬಹುದು. ಹಾಗೆಯೇ ಇಲ್ಲಿ ನಾವು ಮಕ್ಕಳಿಗೆ ತೆಲುಗನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಸಬೇಕು. ಎರಡು ಭಾಷೆಗಳ ನಡುವೆ ಓದಿ ಬಂದ ನಮಗೆ ತಿಳಿದಿರುವಂತೆ, ಒಂದು ಭಾಷೆಯನ್ನು ಗಟ್ಟಿಯಾಗಿ ಕಲಿತವನಿಗೆ ಇನ್ನೊಂದು ಭಾರವಲ್ಲ.

ನಾಲ್ಕನೆಯದು, ಕಾಗದಪತ್ರ. ಸಂವಿಧಾನದ 371-ಡಿ ವಿಧಿಯಡಿ ಆಂಧ್ರದಲ್ಲಿ ಸೀಟಿಗೂ ಸರಕಾರಿ ಕೆಲಸಕ್ಕೂ 'ಸ್ಥಳೀಯ'ರು ಯಾರೆಂದು ನಿರ್ಧರಿಸುವಾಗ ಎಲ್ಲಿ ಓದಿದರು ಎಂಬುದು ಮುಖ್ಯ. ಆಟಕ್ಕಾಗಿ ಗಡಿ ದಾಟಿ ನಾಲ್ಕು ವರ್ಷ ಓದಿದ ಮಗು ಹಿಂದಿರುಗಿದಾಗ ತನ್ನ ಊರಿನಲ್ಲಿಯೇ ಹೊರಗಿನದಾಗಬಹುದು. ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆಂದು ಕಲಮು ಇದೆ. ಅದೇ ನ್ಯಾಯ ಕ್ರೀಡಾನಿಲಯದ ಬಾಗಿಲಿನಲ್ಲಿಯೂ ಸ್ಪಷ್ಟವಾಗಿ ಬರೆದಿರಲಿ ಎಂದು ಕೇಳುವುದು ದುರಾಸೆಯಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ನಾಲ್ಕೂ ಮಾತುಗಳಿಗೆ ಎರಡು ಪಟ್ಟು ತೂಕ. ನಿಲಯದಲ್ಲಿ ಮಹಿಳಾ ಮೇಲ್ವಿಚಾರಕಿ ಇದ್ದಾರೆಯೇ, ಮನೆಗೆ ಮಾತಾಡಲು ಅವಕಾಶವಿದೆಯೇ ಎಂಬುದನ್ನು ತಾಯಿ ಹೋಗಿ ನೋಡಿ ಬರಬೇಕು. ಹುಡುಗ ನಡುವೆ ಹಿಂದಿರುಗಿದರೆ ಹೇಗೋ ಮತ್ತೆ ಶಾಲೆ ಸೇರುತ್ತಾನೆ. ಹುಡುಗಿ ಹಿಂದಿರುಗಿದರೆ ಮನೆಯಲ್ಲಿ ಮದುವೆಯ ಮಾತು ಮೊದಲಾಗುತ್ತದೆ. ಆಯ್ಕೆಯ ಪಟ್ಟಿಯಲ್ಲಿ ಹೆಸರು ಬಂದ ಹುಡುಗಿಗೆ ಒಂದು ವರ್ಷ ಕಳೆಯುವುದೆಂದರೆ ಕೆಲವೊಮ್ಮೆ ಓದನ್ನೇ ಕಳೆದುಕೊಂಡಂತೆ.

ಇಷ್ಟೆಲ್ಲ ಕೇಳಿದರೆ ಸಂಸ್ಥೆಗಳು ನಮ್ಮ ಕಡೆ ತಿರುಗಿ ನೋಡುವುದಿಲ್ಲ ಎಂದು ಕೆಲವರು ಹೆದರಬಹುದು. ನಮಗೆ ಹಾಗೆ ತೋರದು. ಒಳ್ಳೆಯ ಸಂಸ್ಥೆ ಒಳ್ಳೆಯ ಪ್ರಶ್ನೆಗೆ ಅಂಜುವುದಿಲ್ಲ. ಬರೆದು ಕೊಡಲು ಹಿಂಜರಿಯುವ ಸಂಸ್ಥೆಗೆ ಮಗುವನ್ನು ಒಪ್ಪಿಸದಿರುವುದೇ ಲೇಸು. ಬೀಜದ ಅಂಗಡಿಯಲ್ಲಿ ರಸೀದಿ ಕೇಳುವ ನಾವು, ಮಗುವನ್ನು ಕಳುಹಿಸುವಾಗ ಏಕೆ ಸಂಕೋಚಪಡಬೇಕು?

ಶಾಲೆಯ ಪಾಲಿಗೂ ಒಂದು ಕೆಲಸವಿದೆ. ಆಯ್ಕೆಯಾಗಿ ಹೋದ ಪ್ರತಿ ಮಗುವಿನ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದು, ವರ್ಷಕ್ಕೆ ಎರಡು ಬಾರಿ ಮಗುವನ್ನೂ ಸಂಸ್ಥೆಯನ್ನೂ ವಿಚಾರಿಸಬೇಕು. ಓದು ಹೇಗಿದೆ, ಆಟ ಹೇಗಿದೆ, ಮನಸ್ಸು ಹೇಗಿದೆ ಎಂಬ ಮೂರು ಸಾಲು ಸಾಕು. ಐದು ವರ್ಷ ಹೀಗೆ ನಡೆಸಿದರೆ ಯಾವ ಸಂಸ್ಥೆ ಮಾತು ಉಳಿಸಿಕೊಂಡಿತು ಎಂಬುದು ಪುಸ್ತಕವೇ ಹೇಳುತ್ತದೆ. ಮುಂದಿನ ಪಾಲಕರು ಅದನ್ನು ನೋಡಿಯೇ ನಿರ್ಧರಿಸಬಹುದು. ಅಮೆರಿಕದ ಅಭಿಮಾನಿಗಳು ಗೋಲುಗಳನ್ನು ಎಣಿಸಿ ಆಯ್ಕೆಗಳನ್ನು ಹಿಂಬಾಲಿಸಲಿ; ನಾವು ಮಕ್ಕಳನ್ನು ಹಿಂಬಾಲಿಸೋಣ.

ವಿದ್ಯಾರ್ಥಿಗಳೇ, ಆಯ್ಕೆಯಾದರೆ ಹಿಗ್ಗಿ, ಆದರೆ ಪುಸ್ತಕವನ್ನು ಚೀಲದಿಂದ ಹೊರಗೆ ಹಾಕಬೇಡಿ. ಆಯ್ಕೆಯಾಗದಿದ್ದರೆ ಕುಗ್ಗಬೇಡಿ. ಒಂದು ದಿನದ ಓಟ, ಜಿಗಿತ, ಎತ್ತರಗಳನ್ನು ಅಳೆದ ಟೇಪು ನಿಮ್ಮನ್ನು ಪೂರ್ತಿ ಅಳೆದಿರುವುದಿಲ್ಲ. ಹದಿನಾಲ್ಕರಲ್ಲಿ ಕುಳ್ಳನಾಗಿದ್ದವನು ಹದಿನೆಂಟರಲ್ಲಿ ಎಲ್ಲರಿಗಿಂತ ಎತ್ತರ ನಿಲ್ಲಬಹುದು. ಸಂಜೆಯ ಮೈದಾನ ಪಟ್ಟಿಯಲ್ಲಿ ಹೆಸರಿಲ್ಲದವರಿಗೂ ತೆರೆದೇ ಇದೆ. ಆಡಿ, ಓದಿ, ಬೆಳೆಯಿರಿ.