ನಮ್ಮತ್ತಿಯವರು, ನಾನು ಮತ್ತ ಒಂದು ‘ಶೀ’

ಹೋದ ವರ್ಷ ಶ್ರಾವಣದಾಗಿನ ಮಾತು. ನಮ್ಮತ್ತಿಯವರಿಗೆ ಎರಡು ದಿನದಿಂದ ಜ್ವರ. ಮೂರನೇ ದಿನ ಎದ್ದು ಕೂಡ್ಲಿಕ್ಕೂ ಆಗಲಿಲ್ಲ. ನಮ್ಮನಿಯವ್ರು ಊರಾಗ ಇರಲಿಲ್ಲ. ಒಂದು ಕಡೆ ನಾ ಹಿಡಕೊಂಡು, ಇನ್ನೊಂದು ಕಡೆ ಮಗಳು ಹಿಡಕೊಂಡು, ಆಟೋದಾಗ ಕೂಡಿಸಿ ದವಾಖಾನಿಗೆ ಕರಕೊಂಡು ಹೋದ್ವಿ. ಮಗಳ ಸಾಲಿ ತಪ್ಪಿತು. ಮರುದಿನ ಅಕಿ ಡೈರಿಯೊಳಗ ನಾನೇ ಚೀಟಿ ಬರದು ಕಳಿಸಿದೆ.

ಬರದದ್ದು ಇಷ್ಟು: ‘ಮೈ ಡಾಟರ್ ಅಂಡ್ ಮೀ ವೆಂಟ್ ಟು ಹಾಸ್ಪಿಟಲ್ ವಿತ್ ಮೈ ಮದರ್ ಇನ್ ಲಾ ಬಿಕಾಸ್ ಶೀ ವಾಸ್ ಹ್ಯಾವಿಂಗ್ ಫೀವರ್.’

ಸಂಜೀಕೆ ಮಗಳು ಬಂದಾಕಿನ ಚೀಲ ಒಗದು ಒಳಗ ಹೋದ್ಲು. ಚಹಾಕ್ಕ ಕರದ್ರ ಬರಲಿಲ್ಲ, ಅವಲಕ್ಕಿ ಮುಟ್ಟಲಿಲ್ಲ. ರಾತ್ರಿ ಮಲಗೋ ಮುಂದ ಬಾಯಿ ಬಿಟ್ಲು. ಟೀಚರ್ ಆ ಚೀಟಿ ವರ್ಗದಾಗ ಜೋರಾಗಿ ಓದಿದ್ರಂತ. ‘ಮೀ ವೆಂಟ್’ ಅನ್ನೋದನ್ನ ಎರಡು ಸಲ ಓದಿದ್ರಂತ. ಆಮ್ಯಾಲ, ‘ಜ್ವರ ಯಾರಿಗೆ ಬಂದಿತ್ತು, ನಿನಗೋ, ನಿಮ್ಮಜ್ಜಿಗೋ?’ ಅಂತ ಕೇಳಿದ್ರಂತ. ಹುಡುಗರು ನಗದ ಇರ್ತಾವೇನ್ರಿ? ಏಳನೇತ್ತ ಹುಡುಗರು. ‘ಇನ್ನಮ್ಯಾಲ ನೀ ಬರೀಬ್ಯಾಡಮ್ಮಾ, ಅಪ್ಪಾ ಬರೀಲಿ’ ಅಂದ್ಲು.

ನಾ ಏನೂ ಅನ್ನಲಿಲ್ಲ. ಅಡಗಿ ಮನಿಗೆ ಹೋಗಿ, ಹಾಕಿಟ್ಟ ಹೆಪ್ಪಿಗೆ ಮತ್ತೊಮ್ಮೆ ಹೆಪ್ಪ ಹಾಕಿದೆ. ಮೂರು ತಿಂಗಳ ಡೈರಿ ಮುಟ್ಟಲಿಲ್ಲ, ಸಹಿ ಸುದ್ಧಾ ಅವರೇ ಮಾಡ್ಲಿಕತ್ತಿದ್ರು.

ಈಗ ಯಾಕ ಇದನ್ನ ಬರೀಲಿಕತ್ತೇನಿ ಅಂದ್ರ, ಆ ಒಂದು ಚೀಟಿಯೊಳಗ ನಾ ಎಡವಿದ ಮೂರು ಜಾಗಾ ಅವ, ಮತ್ತ ಆ ಮೂರೂ ಕಡೆ ನನ್ನ ಕಾಲು ಎಡವಿದ್ದು ಕನ್ನಡದ ಹೊಸ್ತಿಲಕ್ಕ. ನಂಗ ಎ ಬಿ ಸಿ ಡಿ ಸುರು ಆದದ್ದು ಐದನೇತ್ತಕ್ಕ. ನಿಮ್ಮೊಳಗ ಭಾಳ ಮಂದಿದು ಹಂಗೇ ಇರಬೇಕು. ಶಾಣ್ಯಾತನ ಕಡಿಮಿ ಅಂತಲ್ಲ, ನಮ್ಮ ಭಾಷಾದಾಗ ಯಾವ ಕೆಲಸ ಯಾವ ಅಕ್ಷರ ಮಾಡ್ತದ, ಅವರದ್ರಾಗ ಅದೇ ಕೆಲಸ ಯಾವ ಶಬ್ದ ಮಾಡ್ತದ ಅಂತ ಯಾರೂ ನಮ್ಮನ್ನ ಕೂಡಿಸಿ ಹೇಳಲಿಲ್ಲ. (‘ದಿ’ ಬಿಟ್ಟದ್ದು, ‘ಹ್ಯಾಡ್ ಅ ಫೀವರ್’ ಅನ್ನೋ ಕಡೆ ‘ವಾಸ್ ಹ್ಯಾವಿಂಗ್’ ಅಂದದ್ದು, ಅವೂ ತಪ್ಪವ. ಅವನ್ನ ಇನ್ನೊಮ್ಮೆ ನೋಡೋಣ. ಒಂದೇ ದಿನ ಎಲ್ಲಾ ಭಾಂಡಿ ತಿಕ್ಕಿದ್ರ ರಟ್ಟಿ ಬೀಳ್ತಾವ.)

ಮೊದಲ ಆ ‘ಅಂಡ್ ಮೀ’ ನೋಡ್ರಿ. ಕನ್ನಡದಾಗ ನಾವು ‘ಮಗಳೂ ನಾನೂ ಹೋದ್ವಿ’ ಅಂತೀವಿ. ‘ಮಗಳಿಗೂ ನನಗೂ ಕೊಟ್ರು’ ಅಂತೀವಿ. ಪ್ರತಿಯೊಬ್ಬರೂ ತಮ್ಮ ತಮ್ಮ ಬುತ್ತಿ ತಾವೇ ಕಟಗೊಂಡು ಬರ್ತಾರ: ಮಗಳ ಕೈಯಾಗ ಒಂದು ‘ಗೆ’, ನನ್ನ ಕೈಯಾಗ ಒಂದು ‘ಗೆ’. ಸಾಲ್ಯಾಗ ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಅಂತ ರಾಗ ಎಳದು ಬಾಯಿಪಾಠ ಮಾಡಿದ್ದು ನೆನಪದ ಅಲ್ಲ? ಆ ವಿಭಕ್ತಿ ಪ್ರತ್ಯಯ ಹೆಸರಿಗೂ ಹತ್ತತದ, ಸರ್ವನಾಮಕ್ಕೂ ಹತ್ತತದ. ಅದಕ್ಕ ತಪ್ಪಲಿಕ್ಕೆ ಜಾಗಾನೇ ಇಲ್ಲ. ಯಾರರೆ ‘ಮಗಳೂ ನನಗೂ ಹೋದ್ವಿ’ ಅಂತಾರೇನು?

ಇಂಗ್ಲೀಷಿನ್ಯಾಗ ‘ಡಾಟರ್’ ಹೋದಾಗೂ ಡಾಟರ್, ಕೊಟ್ಟಾಗೂ ಡಾಟರ್. ಅಕಿ ಮುಖಾ ನೋಡಿ ಏನೂ ತಿಳಿಯಂಗಿಲ್ಲ. ಬದಲಾಗೋವು ಬರೇ ಒಂದಿಷ್ಟು ಸರ್ವನಾಮ: ಐ ಹೋಗಿ ಮೀ, ಹೀ ಹೋಗಿ ಹಿಮ್, ಶೀ ಹೋಗಿ ಹರ್, ವೀ ಹೋಗಿ ಅಸ್, ದೇ ಹೋಗಿ ದೆಮ್. ‘ಯೂ’ ಮತ್ತ ‘ಇಟ್’ ಅಂತೂ ಎಲ್ಲೆ ಕೂಡಿಸಿದ್ರೂ ಹಂಗೇ ಕೂಡ್ತಾವ. ಹಿಂಗಾಗಿ ಅಂಡ್ ಅಂತ ಇಬ್ಬರನ್ನ ಜೋಡಿಸಿದ ಕೂಡ್ಲೇ ಕಿವಿ ಮೋಸ ಹೋಗ್ತದ. ಒಬ್ಬಾಕೀನೇ ಇದ್ದಾಗ ನಾ ಜನ್ಮದಾಗ ‘ಮೀ ವೆಂಟ್’ ಅಂದಾಕಿ ಅಲ್ಲ.

ಅದಕ್ಕ ಒಂದೇ ಉಪಾಯ. ಜೋಡಿದಾರರನ್ನ ಬಟ್ಟಿನಿಂದ ಮುಚ್ಚಿ ಓದಿ ನೋಡೋದು. ‘ಮೈ ಡಾಟರ್ ಅಂಡ್’ ಮುಚ್ಚಿದ್ರ ‘ಮೀ ವೆಂಟ್’ ಉಳೀತದ. ಕಿವಿ ಒಲ್ಲೆ ಅಂತದ. ಐ ಹಾಕಿ.

ಇಲ್ಲೇ ನಂದು ಎರಡನೇ ಪಜೀತಿ ಆದದ್ದು. ಆ ನಗಿ ಆದಮ್ಯಾಲ ‘ಮೀ’ ಅಂದ್ರೇ ಅಂಜಿಕಿ ಬಂತು. ಎಲ್ಲಾ ಕಡೆ ‘ಅಂಡ್ ಐ’ ಬರೀಲಿಕ್ಕೆ ಹತ್ತಿದೆ. ನಮ್ಮ ಮೈದುನಾ ಪರದೇಶದಿಂದ ಸಾಮಾನು ಕಳಿಸಿದಾಗ ‘ಥ್ಯಾಂಕ್ಸ್ ಫಾರ್ ದಿ ಗಿಫ್ಟ್ಸ್ ಫಾರ್ ಮೈ ಡಾಟರ್ ಅಂಡ್ ಐ’ ಅಂತ ಮೆಸೇಜ್ ಮಾಡಿದೆ. ಮುಚ್ಚಿ ನೋಡ್ರಿ: ‘ಫಾರ್ ಐ’. ಅದೂ ತಪ್ಪು. ಫಾರ್, ಟು, ವಿತ್, ಫ್ರಮ್, ಬಿಟ್ವೀನ್ ಇವೆಲ್ಲಾ ನಮ್ಮ ‘ಸಲುವಾಗಿ, ಕಡೆ, ಜೋಡಿ, ಇಂದ, ನಡುವ’ ಇದ್ದಂಗ. ನಮ್ಮವು ಶಬ್ದದ ಹಿಂದ ಬರ್ತಾವ, ಅವರವು ಮುಂದ ನಿಂದರ್ತಾವ. ಅವು ಮುಂದ ನಿಂತ್ರ ಹಿಂದ ಮೀ, ಹಿಮ್, ಹರ್ ಬರಬೇಕು, ಅಂಡ್ ಇರಲಿ ಬಿಡಲಿ.

ಒಂದು ಸಮಾಧಾನ ಹೇಳಲೇನು? 1600ರಾಗ ಅಚ್ಚಾದ ಶೇಕ್ಸ್‌ಪಿಯರನ ‘ದಿ ಮರ್ಚಂಟ್ ಆಫ್ ವೆನಿಸ್’ ನಾಟಕದಾಗ ಆಂಟೋನಿಯೋ ತನ್ನ ಗೆಳೆಯಾಗ ಒಂದು ಪತ್ರ ಬರೀತಾನ. ಅದ್ರಾಗ ‘ಬಿಟ್ವೀನ್’ ಆಗಿ, ‘ಯೂ’ ಆಗಿ, ‘ಮೀ’ ಬರೋ ಕಡೆ ‘ಐ’ ಬಂದದ! ಇವತ್ತಿನ ಟೀಚರ್ ಆಗಿದ್ರ ಕೆಂಪು ಗೆರಿ ಎಳೀತಿದ್ರು. ಇಂಗ್ಲೆಂಡಿನ್ಯಾಗ ಹುಟ್ಟಿದ ಹುಡುಗರೂ ಮಾತಾಡೋ ಮುಂದ ‘ಮೀ ಅಂಡ್ ಮೈ ಫ್ರೆಂಡ್’ ಹೋದ್ವಿ ಅಂತಾನೇ ಅಂತಾವ. ಆದ್ರ ಬರಿಯೋ ಮುಂದ ನಡಿಯಂಗಿಲ್ಲ ಅಂತ ಅವರಿಗೂ ಕಲಿಸಬೇಕಾಗ್ತದ. ಅಂದ್ರ ಇದು ನಮ್ಮ ಓಣಿಯ ಹೆಣ್ಮಕ್ಕಳ ಪೆದ್ದತನ ಏನೂ ಅಲ್ಲ.

ಎರಡನೇದು ‘ವಿತ್’. ವಿತ್ ಅಂದ್ರ ಅಂಡ್ ಅಲ್ಲ. ಅಂಡ್ ಹಾಕಿದ್ರ ಇಬ್ಬರೂ ಮನಿಯವರು, ವಿತ್ ಹಾಕಿದ್ರ ಎರಡನೇದವರು ಬೀಗರು. ‘ಮೈ ಸಿಸ್ಟರ್ ಅಂಡ್ ಹರ್ ಸನ್ ಆರ್ ಕಮಿಂಗ್’, ಆದ್ರ ‘ಮೈ ಸಿಸ್ಟರ್ ವಿತ್ ಹರ್ ಸನ್ ಈಸ್ ಕಮಿಂಗ್’. ಬರೋರು ಅಷ್ಟೇ ಮಂದಿ, ರೊಟ್ಟಿ ಬಡಿಯೋದೂ ಅಷ್ಟೇ. ಕ್ರಿಯಾಪದ ಮಾತ್ರ ಬೀಗರನ್ನ ಲೆಕ್ಕಕ್ಕ ಹಿಡಿಯಂಗಿಲ್ಲ. ನನ್ನ ಚೀಟಿ ಓದಿದ್ರ ಪೇಶಂಟ್ ನಾವು, ಅತ್ತಿಯವರು ಜೋಡಿ ಬಂದವರು ಅನಸ್ತದ. ‘ಟುಕ್ ಮೈ ಮದರ್ ಇನ್ ಲಾ ಟು ದಿ ಹಾಸ್ಪಿಟಲ್’ ಅಂದಿದ್ರ ಮುಗೀತಿತ್ತು.

ಇದರಾಗೇ ಇನ್ನೊಂದು ಮಜಾ ಅದ. ನಾವು ‘ಡಬ್ಬಿಯೊಳಗ ಉಂಡಿ ಇಟ್ಟೆ’ ಅಂತೀವಿ, ‘ಡಬ್ಬಿಯೊಳಗಿನ ಉಂಡಿ ಕೊಟ್ಟೆ’ ಅಂತೀವಿ. ಆ ಸಣ್ಣ ‘ಇನ’ ಅದಲ್ಲ, ಅದು ಡಬ್ಬಿಯನ್ನ ಉಂಡಿಗೇ ಗಂಟು ಹಾಕ್ತದ. ಇಂಗ್ಲೀಷಿಗೆ ಎರಡಕ್ಕೂ ‘ಇನ್ ದಿ ಬಾಕ್ಸ್’ ಒಂದೇ. ಎಲ್ಲೆ ಇಡ್ತೀರಿ, ಬಾಜೂಕಿನವರಿಗೇ ಜೋತು ಬೀಳ್ತದ. ‘ಐ ಗೇವ್ ದಿ ಲಡ್ಡೂಸ್ ಟು ದಿ ಗರ್ಲ್ ಇನ್ ದಿ ಬಾಕ್ಸ್’ ಅಂದ್ರ ಹುಡುಗೀನೇ ಡಬ್ಬಿಯೊಳಗ ಹೋಗಿ ಕೂತ್ಲು.

ಇನ್ನ ಆ ‘ಶೀ’. ಇದು ನಂಗ ಎಲ್ಲಾಕ್ಕಿಂತ ಹೆಚ್ಚು ಚುಚ್ಚಿದ್ದು. ಯಾಕಂದ್ರ ಬರಿಯೋ ಮುಂದ ನನ್ನ ತಲ್ಯಾಗ ಒಂದಿಷ್ಟೂ ಗೊಂದಲ ಇರಲಿಲ್ಲ. ಮಗಳು ಅಂದ್ರ ‘ಅಕಿ’, ಅತ್ತಿಯವರು ಅಂದ್ರ ‘ಅವರು’. ‘ಅವರಿಗೆ ಜ್ವರ’ ಅಂದ ಕೂಡ್ಲೇ ಯಾರು ಅಂತ ನಿಮಗೂ ಗೊತ್ತಾಗ್ತದ. ನಮ್ಮಲ್ಲೆ ಮರ್ಯಾದಿ ಕೊಡೋ ಮಾತೇ ಗುರುತು ಹಿಡಿಯೋ ಕೆಲಸಾನೂ ಮಾಡಿಬಿಡ್ತದ. ಇಂಗ್ಲೀಷಿನ್ಯಾಗ ಎಪ್ಪತ್ತರ ಅತ್ತಿಯವರೂ ಶೀ, ಹನ್ನೆರಡರ ಮೊಮ್ಮಗಳೂ ಶೀ. ಮತ್ತ ನಮಗ ‘ತನ್ನ’ ಅಂತ ಒಂದದ. ಅಕ್ಕ ತಂಗಿಗೆ ‘ತನ್ನ ಸೀರಿ ಹರದದ’ ಅಂತ ಹೇಳಿದ್ಲು ಅಂದ್ರ ಅಕ್ಕನ ಸೀರಿ. ಅವರಲ್ಲೆ ‘ಹರ್ ಸಾರಿ’ ಅಂದ್ರ ಯಾರ ಸೀರಿ ಅಂತ ಬಿಚ್ಚಿ ನೋಡಬೇಕು. ಇದಕ್ಕ ಮದ್ದು ಒಂದೇ, ನಾಚದ ಹೆಸರು ಮತ್ತೊಮ್ಮೆ ಬರೀಬೇಕು. ‘ಬಿಕಾಸ್ ಮೈ ಮದರ್ ಇನ್ ಲಾ ಹ್ಯಾಡ್ ಅ ಫೀವರ್.’ ಒಂದೇ ಸಾಲಿನ್ಯಾಗ ಎರಡು ಸಲ ಬಂದ್ರ ಚಂದ ಕಾಣಂಗಿಲ್ಲ ಅಂತಾರ. ಚಂದ ಇರದಿದ್ರ ಬಿಡ್ರಿ, ಜ್ವರ ಯಾರಿಗೆ ಅಂತರೆ ತಿಳೀತದ.

ಸಣ್ಣದೊಂದು ಹೇಳಿ ಬಿಡ್ತೇನಿ. ನಾವು ‘ಮಳಿ ಬರ್ತಿತ್ತು ಖರೇ, ಆದ್ರ ಅಕಿ ಬಂದ್ಲು’ ಅಂತ ಖರೇ-ಆದ್ರ ಜೋಡಿ ಮಾಡಿ ಮಾತಾಡ್ತೀವಿ. ಆ ರೂಢಿಗೇನೋ ‘ದೋ’ ಬರದು ಮತ್ತ ನಡುವ ‘ಬಟ್’ ಹಾಕ್ತೀವಿ. ಒಂದೇ ಸಾಕು. ಒಂದೇ ಸಾರಿಗೆ ಅತ್ತಿನೂ ಸೊಸಿನೂ ಉಪ್ಪು ಹಾಕಿದಂಗ ಆಗ್ತದ ಅದು.

ಬಾಜೂ ಮನಿ ವೈನಿ, ‘ಇಷ್ಟೆಲ್ಲಾ ಯಾಕವಾ, ಟೀಚರಿಗೆ ಅರ್ಥ ಆದ್ರ ಆತಲ್ಲ’ ಅಂತಾರ. ಅರ್ಥ ಆಗಲಿಲ್ಲಲ್ರೀ ವೈನಿ, ಅದಕ್ಕೇ ಅಲ್ಲ ಕೇಳಿದ್ದು. ನಮ್ಮನಿಯವ್ರು ‘ಫೋನಿನ್ಯಾಗ ಹಾಕು, ಅದೇ ತಿದ್ದತದ’ ಅಂತಾರ. ಹಾಕಿ ನೋಡಿದೆ. ‘ಮೀ’ ತಿದ್ದಿತು ಖರೇ. ‘ಶೀ’ ಹಂಗೇ ಬಿಟ್ಟಿತು. ಅದಕ್ಕೇನು ಗೊತ್ತು, ನಮ್ಮನ್ಯಾಗ ಯಾರು ಮಲಗಿದ್ರು ಅಂತ?

ನಂಗ ಸಿಟ್ಟು ಬಂದದ್ದು ತಪ್ಪು ಹಿಡದದ್ದಕ್ಕಲ್ಲ. ಚೀಟಿ ಬರದಾಕಿ ನಾನು, ನಗಿ ಉಂಡಾಕಿ ನನ್ನ ಮಗಳು. ಆ ಚೀಟಿ ಕೆಳಗ ಕೆಂಪು ಪೆನ್ನಿಲೆ ‘ಐ’ ಅಂತ ತಿದ್ದಿ ಕಳಿಸಿದ್ರ ನಾ ಅವತ್ತೇ ಕಲೀತಿದ್ದೆ, ಖುಷಿಲೆ ಕಲೀತಿದ್ದೆ. ನಕ್ಕದ್ದಕ್ಕ ಕಲತದ್ದು ಏನು? ಮೊದಲ ‘ಮೀ’ ತಪ್ಪು ಬರೀತಿದ್ದೆ, ಆಮ್ಯಾಲ ‘ಐ’ ತಪ್ಪು ಬರದೆ. ನಡುವ ಮೂರು ತಿಂಗಳ ಬರೀಲೇ ಇಲ್ಲ. ನಮ್ಮೊಳಗ ಎಷ್ಟೋ ಮಂದಿ ಹಿಂಗೇ ಪೆನ್ನು ಗಂಡಂದ್ರ ಕೈಯಾಗ ಕೊಟ್ಟು ಕೂತಾರ ಅಂತ ನಂಗ ಗೊತ್ತದ. ಕೊಡಬ್ಯಾಡ್ರಿ ಅಂತೇನಿ. ಮಕ್ಕಳಿಗೆ ಮನ್ಯಾಗ ವ್ಯಾಕರಣ ಹೇಳಿಕೊಡ್ಲಿಕ್ಕೂ ಹಿಂದ ಸರೀಬ್ಯಾಡ್ರಿ. ಗೆ, ಇಂದ, ಅಲ್ಲಿ ಬಾಯಿಪಾಠ ಇರೋ ಹೆಣ್ಮಗಳಿಗೆ ಈ ಟು, ಫ್ರಮ್, ಇನ್ ಹೇಳಿಕೊಡ್ಲಿಕ್ಕೆ ಟ್ಯೂಶನ್ ರೊಕ್ಕ ಬೇಕಾಗಂಗಿಲ್ಲ. ನಾ ಈಗ ಮಗಳನ್ನ ಕಟ್ಟಿಮ್ಯಾಲ ಕೂಡಿಸಿಕೊಂಡು, ಕನ್ನಡದ ವಾಕ್ಯ ಮೊದಲ ಹೇಳಿಸ್ತೇನಿ, ‘ಗೆ’ ಎಲ್ಲೆ ಅದ ಹುಡುಕು ಅಂತೇನಿ. ಅಕಿ ಬ್ಯಾಸರಾ ಮಾಡಕೋತಾಳ, ಆದ್ರ ಹುಡಕ್ತಾಳ.

ಹೋದ ವಾರ ಮದವಿಗೆ ಹೋಗೋದಿತ್ತು, ಎರಡು ದಿನ ರಜಾ ಬೇಕಾಗಿತ್ತು. ಮಗಳು ಡೈರಿ ತಂದು ಅಪ್ಪನ ಮುಂದ ಹಿಡದ್ಲು. ಅವರು ಸ್ನಾನಕ್ಕ ಹೊಂಟಿದ್ರು. ನಾ ಕೈಯಿಂದ ಇಸಕೊಂಡು ಬರದೆ: ಮೈ ಡಾಟರ್ ಅಂಡ್ ಐ ಅಂತ ಸುರು ಮಾಡಿ, ನಾಕು ಸಾಲು. ಅಕಿ ನಿಂತಲ್ಲೇ ಓದಿದ್ಲು. ‘ಮೈ ಡಾಟರ್ ಅಂಡ್’ ಮ್ಯಾಲ ಬಟ್ಟು ಇಟ್ಟು ಇನ್ನೊಮ್ಮೆ ಓದಿದ್ಲು. ಏನೂ ಅನ್ನದ ಚೀಲದಾಗ ಹಾಕಿಕೊಂಡ್ಲು.

ಒಳಗಿಂದ ನಮ್ಮತ್ತಿಯವರು ಕೇಳಿದ್ರು, ‘ಈ ಸಲ ನಂದೇನರೆ ಬರದೀಯೇನ?’