ಎಡಗೈ ಅಣು, ಬಲಗೈ ಅಣು

ಸೈದಾಪುರದ ಸಮೀಪದ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶವನ್ನು ಯಾದಗಿರಿ ಸೀಮೆಯ ವಾಚಕರು ಬಲ್ಲರು. 3,000 ಎಕರೆಗೂ ಮಿಕ್ಕ ಆ ನೆಲದಲ್ಲಿ ಔಷಧದ್ರವ್ಯಗಳ ಕಾರಖಾನೆಗಳು ಎದ್ದಿವೆ. ದುರ್ಗಂಧದಿಂದ ಉಸಿರಾಡುವದೇ ಕಷ್ಟವಾಗಿದೆಯೆಂದು ಸುತ್ತಣ ಹಳ್ಳಿಗರು ದೂರುತ್ತ ಬಂದಿದ್ದಾರೆ. ರೋಗ ಕಳೆಯುವ ವಸ್ತುವಿನ ತಯಾರಿಕೆಯಲ್ಲಿ ಹೊಲಸೇಕೆ ಹುಟ್ಟಬೇಕು? ಕಾರಣಗಳು ಹಲವು. ಅವುಗಳೊಳಗೆ ವಿಚಿತ್ರವಾದದ್ದೊಂದನ್ನು ಈ ತಿಂಗಳು ಹೇಳುವೆವು.

ನಮ್ಮ ಎಡಗೈ ಬಲಗೈಗಳು ಒಂದಕ್ಕೊಂದು ಕನ್ನಡಿಯ ಬಿಂಬಗಳು. ಆದರೂ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೊಂದದಂತೆ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಲಾರದು. ಅನೇಕ ಅಣುಗಳಿಗೂ ಇಂಥ ಎಡಬಲಗಳುಂಟು. ಸಬ್ಬಸಿಗೆ ಬೀಜದ ಪರಿಮಳಕ್ಕೂ ಪುದೀನದ ಒಂದು ಜಾತಿಯ ಪರಿಮಳಕ್ಕೂ ಕಾರಣವಾದದ್ದು ಕಾರ್ವೋನ್ ಎಂಬ ಒಂದೇ ದ್ರವ್ಯ. ಒಂದರಲ್ಲಿರುವದು ಇನ್ನೊಂದರ ಬಿಂಬ, ಅಷ್ಟೆ. ಪಾಕಶಾಲೆಯ ಮೂಗು ಅದನ್ನು ತಟ್ಟನೆ ಅರಿಯುವದು. 1848ರಲ್ಲಿ ಪಾಶ್ಚರನು, ಹುಣಸೆಯಲ್ಲಿಯೂ ಇರುವ ಟಾರ್ಟಾರಿಕ್ ಆಮ್ಲದ ಎಡಬಲ ಕಲೆತ ಲವಣದ ಹರಳುಗಳನ್ನು ಒಂದೊಂದಾಗಿ ಆರಿಸಿ ಬೇರ್ಪಡಿಸಿದನು. ಅಕ್ಕಿ ಆರಿಸುವ ನಮ್ಮ ಗೃಹಿಣಿಯರು ಆ ತಾಳ್ಮೆಯನ್ನು ಮೆಚ್ಚಿಯಾರು.

ದೇಹವೂ ಮೂಗಿನಂತೆಯೇ ಭೇದವನ್ನೆಣಿಸುವದು. ಆದರೆ ಸಾಧಾರಣ ವಿಧಾನದಿಂದ ಅಣುವನ್ನು ಕಟ್ಟಿದರೆ ಎಡಬಲಗಳು ಸಮಪಾಲಾಗಿ ಹುಟ್ಟುವವು. ಬೇಕಾದ ಒಂದು ಮಣಕ್ಕೆ ಬೇಡವಾದದ್ದು ಒಂದು ಮಣ! ಮರಳಿ ಬಳಸಲು ಬಾರದಿದ್ದರೆ ಅದು ಕಸ. ಬೇರ್ಪಡಿಸಲು ವ್ಯಯವಾಗುವ ದ್ರಾವಕಗಳು ಬೇರೆ.

ನಸುಗುನ್ನಿ ಬೀಜದಲ್ಲಿ ದೊರೆಯುವ ಎಲ್-ಡೋಪಾ ಕಂಪವಾತಕ್ಕೆ ಔಷಧ. ಇದನ್ನು ಕಾರಖಾನೆಯಲ್ಲಿ ಒಂದೇ ಕೈಯದಾಗಿ ಪಡೆಯುವ ಮಾರ್ಗವನ್ನು 1970ರ ದಶಕದಲ್ಲಿ ಅಮೆರಿಕದ ನೋಲ್ಸ್ ಎಂಬವರು ಸಿದ್ಧಪಡಿಸಿದರು. ರೋಡಿಯಮ್ ಲೋಹಕ್ಕೆ ಒಂದೇ ಕೈಯ ರಂಜಕ ಸಂಯುಕ್ತವನ್ನು ತೊಡಿಸಿದರೆ ಅದು ಕೈಗವಸಿನಂತಾಗಿ, ಅಣುವಿನ ಒಂದೇ ಮಗ್ಗುಲಿಗೆ ಜಲಜನಕವನ್ನು ಸೇರಿಸುವದು. ನೂರರಲ್ಲಿ 97ಕ್ಕೂ ಮಿಕ್ಕಿ ಬೇಕಾದ ಕೈಯವೇ ದೊರೆತವು. ವೇಗವರ್ಧಕವು ತಾನು ವ್ಯಯವಾಗದೆ ಮತ್ತೆ ಮತ್ತೆ ದುಡಿಯುವದರಿಂದ ಅದರ ಅಲ್ಪಾಂಶವೇ ಸಾಕು. 2001ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ನೊಯೊರಿ, ಶಾರ್ಪ್‌ಲೆಸ್ ಎಂಬವರಿಗೂ ಪಾಲು ಬಂದಿತು. ಲೋಹವಿಲ್ಲದೆಯೂ, ನಮ್ಮ ದೇಹದಲ್ಲಿಯೇ ಇರುವ ಪ್ರೋಲೀನ್‌ನಂಥ ಸಣ್ಣ ಅಣುಗಳಿಂದ ಈ ಕೆಲಸವನ್ನು ಸಾಧಿಸಿದ ಲಿಸ್ಟ್, ಮ್ಯಾಕ್‌ಮಿಲನ್ ಇವರಿಗೆ 2021ರಲ್ಲಿ ಅದೇ ಮಾನ ದೊರೆಯಿತು.

ಈ ವಿದ್ಯೆಯೊಂದರಿಂದಲೇ ಕಡೇಚೂರಿನ ಗಾಳಿ ತಿಳಿಯಾದೀತೆಂದು ನಾವು ಹೇಳಲಾರೆವು. ದ್ರಾವಕಗಳ ಆವಿಯನ್ನು ತಡೆಯುವದೂ ಕೊಳೆನೀರನ್ನು ಶುದ್ಧಿಮಾಡುವದೂ ಬೇರೆಯೇ ಕೆಲಸಗಳು. ಅವಕ್ಕೆ ತಪಾಸಣೆ ಬೇಕು, ಕಾಯಿದೆಯ ಬಿಗಿ ಬೇಕು. ಆದರೆ ಕಾರಖಾನೆಯವರು ಎದುರಿಗೆ ಕುಳಿತಾಗ, “ನಿಮ್ಮಲ್ಲಿ ಬೇಡವಾದ ಕೈಯ ಸರಕು ಎಷ್ಟು ಹುಟ್ಟುವದು, ಅದು ಎಲ್ಲಿಗೆ ಹೋಗುವದು?” ಎಂದು ಕೇಳಲು ಹಳ್ಳಿಗರು ರಸಾಯನಶಾಸ್ತ್ರವನ್ನು ಓದಿರಬೇಕಾಗಿಲ್ಲ.